ಪೋರ್ಟ್ ವೈನಿಗೆ ಹತ್ತಕ್ಕೆ ಎಷ್ಟು ಕೊಡಲಿ?

ಮೂವತ್ತೆಂಟು ವರ್ಷ ಮುಂಬಯಿಯಲ್ಲಿದ್ದೂ ವೈನಿನ ರುಚಿ ನೋಡಿಲ್ಲ ಅಂದರೆ ಇಲ್ಲಿಯ ಗೆಳೆಯರು ನಂಬುವುದೇ ಇಲ್ಲ. ನಮ್ಮ ಮನೆಯ ಪದ್ಧತಿ ಹಾಗಿತ್ತು, ಬ್ಯಾಂಕ್ ಗುಮಾಸ್ತನ ಸಂಬಳವೂ ಹಾಗೇ ಇತ್ತು ಅನ್ನಿ. ಕಳೆದ ತಿಂಗಳು ಮಗಳು ಆಫೀಸಿನ ಕೆಲಸಕ್ಕೆ ಪೋರ್ಚುಗಲ್‌ಗೆ ಹೋದವಳು ಬರುವಾಗ ಒಂದು ಬಾಟಲಿ ತಂದಳು. "ಅಪ್ಪಾ, ಇದು ರೂಬಿ ಪೋರ್ಟ್ ಅಂತ. ಪೋರ್ಟ್‌ಗಳಲ್ಲೇ ಅಗ್ಗದ್ದು, ಸಂಕೋಚ ಮಾಡ್ಕೋಬೇಡಿ" ಅಂದಳು.

ಒಂದನ್ನೇ ಕುಡಿದು ಅಂಕ ಕೊಡೋದು ಹೇಗೆ? ಹೋಲಿಸೋಕೆ ಇರಲಿ ಅಂತ ಬೀದಿ ಕೊನೆಯ ವೈನ್ ಶಾಪಿಗೆ (ಹೆಸರಿಗೆ ವೈನ್ ಶಾಪು, ತುಂಬಿರೋದೆಲ್ಲ ವಿಸ್ಕಿ, ರಮ್ಮು) ಹೋಗಿ ಗೋವಾದಲ್ಲಿ ತಯಾರಾದ ಒಂದು ಪೋರ್ಟ್ ತಂದೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ, ಕುಡಿಯುವವನಿಗೂ ಪರ್ಮಿಟ್ ಬೇಕು. ಕೇಳಿದೆ. ಅಂಗಡಿಯವನು ನನ್ನ ಬಿಳಿಕೂದಲು ನೋಡಿ ನಕ್ಕ, ಆದರೂ ಒಂದು ದಿನದ ಚೀಟಿ ಹರಿದು ಕೊಟ್ಟ.

ಜ್ಯೂಸ್ ಕುಡಿಯುವ ಗಾಜಿನ ಲೋಟದಲ್ಲಿ ಎರಡನ್ನೂ ಎರಡೆರಡು ಬೆರಳಿನಷ್ಟು ಸುರಿದುಕೊಂಡು ಕೂತೆ. ರೂಬಿಯಲ್ಲಿ ನೇರಳೆಹಣ್ಣಿನ ಒಗರು, ಚೂರು ಮೆಣಸಿನ ಖಾರ, ಗಂಟಲಿಳಿದ ಮೇಲೆ ಎದೆಯಲ್ಲೊಂದು ಬಿಸಿ. ಸಿಹಿ ಇದೆ, ಆದರೆ ಅಂಟಂಟಾಗಿಲ್ಲ. ಹತ್ತಕ್ಕೆ ಏಳು. ಗೋವಾದ್ದು ಬರೀ ಸಿಹಿ. ಮೂಸಿ ನೋಡಿದ ನನ್ನಾಕೆ "ಇದೇನ್ರೀ, ಕೆಮ್ಮಿನ ಔಷಧಿ ಇದ್ದಹಾಗಿದೆ" ಅಂದಳು. ಹತ್ತಕ್ಕೆ ಮೂರು. ಡೈರಿಯಲ್ಲಿ ಪಕ್ಕಕ್ಕೆ 'ನಕಲಿ' ಅಂತಲೂ ಬರೆದೆ.

ಆ ಪದ ಯಾಕೋ ಕೊರೆಯತೊಡಗಿತು. ಅಸಲಿ ಯಾವುದು ಅಂತ ಗೊತ್ತಿಲ್ಲದವನು ನಕಲಿ ಅಂತ ಬರೆದುಬಿಡೋದೇ? ನಿವೃತ್ತನಿಗೆ ಸಮಯಕ್ಕೇನು ಬರ. ಹದಿನೈದು ದಿನ ಕೂತು ಪೋರ್ಟಿನ ಚರಿತ್ರೆ ಓದಿದೆ.

ಪೋರ್ಚುಗಲ್ಲಿನ ಪೋರ್ತೊ ಬಂದರಿನಿಂದ ಹಡಗು ಹತ್ತುತ್ತಿದ್ದದ್ದರಿಂದ ಆ ಹೆಸರು. ದ್ರಾಕ್ಷಿ ಬೆಳೆಯೋದು ಮಾತ್ರ ಅಲ್ಲಲ್ಲ, ಒಳನಾಡಿನಲ್ಲಿ, ದೋರು ನದಿಯ ಕಡಿದಾದ ಕಲ್ಲುಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ತೋಟಗಳಲ್ಲಿ. ರಸ ಹುದುಗತೊಡಗಿ ಎರಡು ಮೂರು ದಿನವಾಗಿ, ಸಕ್ಕರೆ ಇನ್ನೂ ಅರ್ಧದಷ್ಟು ಉಳಿದಿರುವಾಗಲೇ ಅದಕ್ಕೆ ದ್ರಾಕ್ಷಿಯದೇ ಸಾರಾಯಿ ಸುರಿಯುತ್ತಾರೆ. ಈಗಿನ ಲೆಕ್ಕದಲ್ಲಿ ನಾಲ್ಕು ಪಾಲಿಗೆ ಹೆಚ್ಚುಕಮ್ಮಿ ಒಂದು ಪಾಲು, ಶೇಕಡಾ 77ರ ಕಡಕ್ ಸಾರಾಯಿ. ದೋಸೆಹಿಟ್ಟು ತೀರಾ ಹುಳಿಯಾಗುವ ಮೊದಲೇ ಫ್ರಿಜ್ಜಿಗಿಡುತ್ತೀವಲ್ಲ, ಇಲ್ಲಿ ಫ್ರಿಜ್ಜಿನ ಕೆಲಸ ಸಾರಾಯಿಯದು. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಅಮಲು ಶೇಕಡಾ 20ರ ಆಸುಪಾಸಿಗೆ ಏರುತ್ತದೆ.

ಆದರೆ ಮೊದಲು ಇದು ಹೀಗಿರಲೇ ಇಲ್ಲ ನೋಡಿ! ಇಂಗ್ಲಿಷರಿಗೆ ಬೇಕಿದ್ದದ್ದು ಫ್ರಾನ್ಸಿನ ವೈನು. ಫ್ರಾನ್ಸಿನ ಜೊತೆ ಜಗಳ ಮುಗಿಯುತ್ತಿರಲಿಲ್ಲ. 1703ರಲ್ಲಿ ಮೆಥುಯೆನ್ ಒಪ್ಪಂದ ಆಯಿತು: ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಬಾಗಿಲು ತೆರೆಯಬೇಕು, ಇಂಗ್ಲೆಂಡ್ ಪೋರ್ಚುಗಲ್ಲಿನ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ಹಾಕಬೇಕು. ದೋರಿನ ಒರಟು, ಸಿಹಿಯಿಲ್ಲದ ಕೆಂಪು ವೈನಿಗೆ ಶುಕ್ರದೆಸೆ ಬಂತು. ಸಮುದ್ರದ ಮೇಲೆ ಕೆಡದಿರಲಿ ಅಂತ ಪೀಪಾಯಿಗೆ ಒಂದಿಷ್ಟು ಬ್ರಾಂದಿ ಹಾಕಿ ಕಳಿಸುತ್ತಿದ್ದರು, ಅಷ್ಟೇ. ಬೇಡಿಕೆ ಏರಿದಾಗ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ? ನೀರಸ ವೈನಿಗೆ ಸಕ್ಕರೆ, ಬಣ್ಣ ಸಾಲದಿದ್ದರೆ ಎಲ್ಡರ್‌ಬೆರಿ ಹಣ್ಣಿನ ರಸ. ಲಂಡನ್ನಿನಲ್ಲಿ ಹೆಸರು ಕೆಟ್ಟಿತು, ಬೆಲೆ ಬಿತ್ತು. ಪೆಟ್ಟು ತಿಂದವನು ರೈತ.

ಆಗ ಪೊಂಬಾಲ್ ಬಂದ. 1755ರ ಭೂಕಂಪದಲ್ಲಿ ನೆಲಸಮವಾದ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದ ಮಂತ್ರಿ. 1756ರ ಸೆಪ್ಟೆಂಬರ್ 10ರಂದು ಸರ್ಕಾರಿ ಸನದಿನ ಕಂಪನಿಯೊಂದನ್ನು ಹುಟ್ಟುಹಾಕಿ, ಯಾವ ಹೊಲದ ದ್ರಾಕ್ಷಿ ಪೋರ್ಟಿಗೆ ಸಲ್ಲುತ್ತದೆ, ಯಾವುದು ಸಲ್ಲದು ಅಂತ ಗಡಿ ಹಾಕಿಸಿದ. ಮುನ್ನೂರಕ್ಕೂ ಹೆಚ್ಚು ಗ್ರಾನೈಟ್ ಕಂಬ ನೆಡಿಸಿದ, ಎಲ್ಡರ್‌ಬೆರಿ ಗಿಡಗಳನ್ನು ಬೇರುಸಹಿತ ಕೀಳಿಸಿದ. ಒಳ್ಳೆಯದೇ ಅನ್ನಿಸುತ್ತೆ ಅಲ್ವೇ? ನನಗೂ ಅನ್ನಿಸಿತ್ತು. ಆದರೆ ಪೋರ್ತೊ ಊರಿನ ಹೆಂಡದಂಗಡಿಗಳಿಗೆ ವೈನ್ ಮಾರುವ ಹಕ್ಕೂ ಅದೇ ಕಂಪನಿಯ ಪಾಲಾಯಿತು. 1757ರ ಫೆಬ್ರವರಿ 23ರಂದು ಅಂಗಡಿಯವರು, ಕೂಲಿಗಳು, ಹೆಂಗಸರು ಬೀದಿಗಿಳಿದರು. ಪೊಂಬಾಲ್ ಸೈನ್ಯ ಕಳಿಸಿದ. ವಿಚಾರಣೆ ನಡೆದು ಹತ್ತಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. ಚರಿತ್ರೆಯಲ್ಲಿ ಅದಕ್ಕೆ ಉಳಿದ ಹೆಸರೇನು ಗೊತ್ತೇ? 'ಕುಡುಕರ ದಂಗೆ'. ಸತ್ತವರ ಮೇಲೆ ಇಂಥ ಹೆಸರು ಹೊರಿಸಿದ್ದು ನನಗಂತೂ ಸರಿಕಾಣಲಿಲ್ಲ.

ಇನ್ನೊಂದು ಕಥೆ ಇದೆ. ಜೋಸೆಫ್ ಜೇಮ್ಸ್ ಫಾರೆಸ್ಟರ್ ಅಂತ, ಪೋರ್ತೊದಲ್ಲೇ ನೆಲೆನಿಂತ ಇಂಗ್ಲಿಷ್ ವೈನ್ ವ್ಯಾಪಾರಿ, ದೋರಿನ ಭೂಪಟ ಬರೆದವನು. ಹತ್ತೊಂಬತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಬ್ರಾಂದಿಯ ಪಾಲು ಹೆಚ್ಚಿ, ಹುದುಗುವಾಗಲೇ ಸುರಿಯೋದು ರೂಢಿಯಾಗುತ್ತಿತ್ತು. 1844ರಲ್ಲಿ ಫಾರೆಸ್ಟರ್ ಹೆಸರು ಹಾಕದೆ ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ. ಸಾರ ಇಷ್ಟೇ: ಪೂರ್ತಿ ಹುದುಗಿದ ವೈನೇ ನಿಜವಾದ ಪೋರ್ಟು, ಹೀಗೆ ಬ್ರಾಂದಿ ಸುರಿಯುವುದು ಕಲಬೆರಕೆ. ಉಳಿದ ವ್ಯಾಪಾರಿಗಳು ಮೈಮೇಲೆ ಬಿದ್ದರು. ಪೋರ್ಚುಗಲ್ ಅವನಿಗೆ ಬ್ಯಾರನ್ ಪದವಿ ಕೊಟ್ಟಿತು, ಆದರೆ ವಾದದಲ್ಲಿ ಅವನು ಸೋತ. 1861ರಲ್ಲಿ ಅದೇ ದೋರು ನದಿಯ ವಲೇರಾ ಸುಳಿಯಲ್ಲಿ ದೋಣಿ ಮಗುಚಿ ಮುಳುಗಿಹೋದ. ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿನ್ನದ ನಾಣ್ಯದ ಪಟ್ಟಿಯೇ ಅವನನ್ನು ಕೆಳಗೆಳೆಯಿತಂತೆ. ಜೊತೆಗಿದ್ದ ದೊಡ್ಡ ತೋಟಗಳ ಒಡತಿ ದೊನಾ ಆಂತೋನಿಯಾ ಫೆರೇರಾ ತನ್ನ ಅಗಲವಾದ ಲಂಗ ತೇಲಿದ್ದರಿಂದ ಬದುಕಿದಳಂತೆ. ಈ 'ಅಂತೆ'ಗಳು ಅಲ್ಲಿನ ಜನರವು.

ಅಂದರೆ ನಾನು ಏಳು ಅಂಕ ಕೊಟ್ಟ ರೂಬಿಯನ್ನೇ ಫಾರೆಸ್ಟರ್ ಕಲಬೆರಕೆ ಅನ್ನುತ್ತಿದ್ದ!

ಮತ್ತೆ ಎರಡೂ ಬಾಟಲಿ ತೆಗೆದೆ. ಈ ಸಲ ಗೋವಾದ್ದನ್ನು ಸಾವಕಾಶವಾಗಿ ಮೂಸಿದೆ. ಕೆಮ್ಮಿನ ಔಷಧಿಯ ಹಿಂದೆ ಇನ್ನೊಂದು ವಾಸನೆ ಇತ್ತು, ಥಟ್ಟನೆ ಗುರುತು ಸಿಕ್ಕಿತು. ದೇವನಹಳ್ಳಿ ಹತ್ತಿರದ ಚಿಕ್ಕಪ್ಪನ ತೋಟ! ಬೇಸಿಗೆ ರಜೆಯಲ್ಲಿ ಚಪ್ಪರದ ಕೆಳಗೆ ಕೂತು, ಸಿಪ್ಪೆ ಹಿಸುಕಿ ತಿರುಳನ್ನು ಬಾಯಿಗೆ ಹಾರಿಸಿ, ಬೀಜ ಉಗಿಯುತ್ತಿದ್ದ ಕಪ್ಪು ದ್ರಾಕ್ಷಿ, ಬೆಂಗಳೂರು ಬ್ಲೂ. ಗೋವಾದಲ್ಲಿ ದ್ರಾಕ್ಷಿ ಬೆಳೆಯೋದು ಇಲ್ಲವೆನ್ನುವಷ್ಟು ಕಡಿಮೆ, ಹೊರಗಿನಿಂದ ಬರಬೇಕು. ನಮ್ಮ ದೇಶದ ಅಗ್ಗದ ಪೋರ್ಟುಗಳಿಗೆ ಬಹುಪಾಲು ಹೋಗುವುದು ಈ ತಳಿಯೇ. ಇದರ ವಂಶದಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದೆ, ಆ ಘಾಟು ಅದರದ್ದೇ. ವೈನ್ ಪಂಡಿತರು ಅದಕ್ಕೆ ನರಿವಾಸನೆ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ ಬಿಡಿ.

ಹಾಗಂತ ಏಳು ಕೊಡೋಕೆ ನಾಲಿಗೆ ಒಪ್ಪಲಿಲ್ಲ. ಸಕ್ಕರೆ ಜಾಸ್ತಿಯೇ. ಐದು ಕೊಟ್ಟೆ. 'ನಕಲಿ' ಅನ್ನೋದನ್ನು ಹೊಡೆದುಹಾಕಿದೆ. ರೂಬಿ ಏಳರಲ್ಲೇ ನಿಂತಿದೆ.

ರಾತ್ರಿ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ತೋಟ ಹೇಗಿದೆಯೋ ಅಂದೆ. "ಎಲ್ಲಿಯ ತೋಟ ಅಣ್ಣಾ, 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ರೇಟು ಬಂತು, ಕೊಟ್ವಲ್ಲ. ಚಪ್ಪರದ ಕಲ್ಲುಕಂಬ ಮಾತ್ರ ಕಿತ್ತು ತಂದಿದ್ದೀನಿ, ಮನೆ ಸುತ್ತ ಬೇಲಿಗೆ ನೆಟ್ಟಿದೆ" ಅಂದ. ಯಾಕಣ್ಣ ಕೇಳಿದ್ದು ಅಂತಲೂ ಕೇಳಿದ. ವೈನ್ ಕುಡಿದ ವಿಷಯ ಊರಲ್ಲಿ ಹೇಳುವುದು ಹೇಗೆ? ಸುಮ್ಮನೆ ಕೇಳಿದೆ ಅಂದೆ.