ಸೆರಗು, ರುಮಾಲು, ಪಾದರಕ್ಷೆ

ಅರ್ಕಾವತಿಯ ದಡದ ಹಾರೋಬೆಲೆಯನ್ನು ವಾಚಕರಲ್ಲಿ ಕೆಲವರಾದರೂ ಬಲ್ಲಿರಿ. ಕನಕಪುರ ಸೀಮೆಯ ಈ ಊರಿನಲ್ಲಿ ಕನ್ನಡ ಮನೆಮಾತಿನ ಕಥೋಲಿಕ ಕ್ರೈಸ್ತರೇ ಹೆಚ್ಚು. ರಾಯಪ್ಪ, ಚಿನ್ನಪ್ಪ ಎಂಬ ಅವರ ಹೆಸರುಗಳು ನಮ್ಮ ಹಳ್ಳಿಗಳ ಯಾವ ಹೆಸರಿಗೂ ಬೇರೆಯಾಗಿ ಕೇಳಿಸುವುದಿಲ್ಲ. ರಾಯಪ್ಪನೆಂದರೆ ಸಂತ ಪೇತ್ರ, ಚಿನ್ನಪ್ಪನೆಂದರೆ ಸಂತ ಪೌಲ ಎಂದು ಯಾರಾದರೂ ಹೇಳಿದ ಮೇಲೆಯೇ ತಿಳಿಯಬೇಕು.

ಹಲವು ವರ್ಷಗಳ ಹಿಂದೆ ಒಬ್ಬ ಶಿಷ್ಯನ ಮನೆಯವರು ಪಾಸ್ಕ ಹಬ್ಬಕ್ಕೆ ನನ್ನನ್ನು ಕರೆದಿದ್ದರು. ದೇವಾಲಯದ ಮೆಟ್ಟಿಲ ಬಳಿ ನಾನು ತಡೆದು ನಿಂತೆ. ಸಿನಿಮಾದ ಚರ್ಚುಗಳಲ್ಲಿ ಜನ ಬೂಟು ಹಾಕಿಕೊಂಡೇ ಒಳಗೆ ಹೋಗುವುದನ್ನು ಕಂಡವನು. ಇಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ? ಶಿಷ್ಯನ ಅಜ್ಜಿ ನನ್ನ ಪೇಚಾಟ ಕಂಡು, “ನಿಮ್ಮ ಗುಡಿಗೆ ಹೋಗೋ ಹಂಗೇ ಬನ್ನಿ ಮೇಷ್ಟ್ರೇ” ಎಂದು ನಕ್ಕರು. ಒಳಗೆ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದಿದ್ದರು. ಗಂಡಸರು ಒಗೆದ ಪಂಚೆ ಉಟ್ಟು ಬರಿಗಾಲಲ್ಲಿ ನಿಂತಿದ್ದರು. ಅಜ್ಜಿ ಹಗುರವಾಗಿ ಆಡಿದ ಆ ಮಾತಿನ ಹಿಂದೆ ಮುನ್ನೂರು ವರ್ಷಗಳಿಗೂ ಮೀರಿದ ಜಗಳವೊಂದಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಯೂರೋಪಿನಲ್ಲಿ ಗೌರವ ತೋರಿಸುವ ಗಂಡಸು ತಲೆಯ ಟೋಪಿ ತೆಗೆಯುತ್ತಾನೆ, ಕಾಲಿನ ಬೂಟು ತೆಗೆಯುವುದಿಲ್ಲ. ನಮ್ಮಲ್ಲಿ ಇದು ತಿರುಗುಮುರುಗು. ಹಿಂದಿನ ಮೈಸೂರಿನಲ್ಲಿ ಬೋಳುತಲೆಯಲ್ಲಿ ದೊಡ್ಡವರೆದುರು ನಿಲ್ಲುವುದು ಅಗೌರವ; ರುಮಾಲು ತಲೆಯ ಮೇಲಿರಬೇಕು, ಚರ್ಮದ ಪಾದರಕ್ಷೆ ಬಾಗಿಲ ಹೊರಗಿರಬೇಕು. ಕಡಲಾಚೆಯಿಂದ ಬಂದ ಪಾದ್ರಿಗಳ ಕಪ್ಪು ನಿಲುವಂಗಿಯನ್ನೂ ತೊಗಲಿನ ಬೂಟನ್ನೂ ಕಂಡ ಜನ ಅವರನ್ನು ಪರಂಗಿಯವರೆಂದು ದೂರವಿಟ್ಟರು. ಉಪದೇಶವನ್ನು ಕೇಳುವ ಮೊದಲೇ ಉಡುಪು ಅಡ್ಡ ಬಂದಿತು.

ಇದನ್ನು ಚೆನ್ನಾಗಿ ಅರಿತವನು 1606ರಲ್ಲಿ ಮದುರೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟ್ ಡಿ ನೊಬಿಲಿ. ಆತ ಕಪ್ಪಂಗಿ ಬಿಟ್ಟು ಕಾವಿ ಉಟ್ಟ, ಮರದ ಪಾದುಕೆ ಮೆಟ್ಟಿದ. ಸ್ವಂತ ಸಭೆಯವರೇ ರೋಮಿಗೆ ದೂರು ಬರೆದರು. ಜುಟ್ಟು, ಜನಿವಾರ, ಗಂಧ, ಸ್ನಾನ ಇವು ಮತದ ಗುರುತೋ, ದೇಶದ ಆಚಾರವೋ? ವಾದ ಬಹುಕಾಲ ನಡೆದು, 1623ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಕೆಲವು ಷರತ್ತುಗಳೊಡನೆ ಒಪ್ಪಿಗೆ ಕೊಟ್ಟರು. ಅದೇ ದಾರಿ ಹಿಡಿದ ಲಿಯೊನಾರ್ಡೊ ಚಿನ್ನಾಮಿ ಎಂಬಾತ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1649ರ ಸುಮಾರಿಗೆ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ. ಸನ್ಯಾಸಿಯ ವೇಷ ತೊಟ್ಟನಲ್ಲದೆ ಕನ್ನಡ ಕಲಿತು, ಕನ್ನಡದಲ್ಲಿ ಬರೆದ. ವೇಷಕ್ಕಿಂತ ಇದು ದೊಡ್ಡದೆಂದು ಕನ್ನಡ ಪಂಡಿತನಾದ ನಾನು ಹೇಳಿದರೆ ಪಕ್ಷಪಾತವೆನ್ನಬೇಡಿ.

ಕೊಟ್ಟ ಒಪ್ಪಿಗೆ ಉಳಿಯಲಿಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆ ಹಣೆಯ ವಿಭೂತಿಯನ್ನೂ ದೇವರ ಅಚ್ಚಿರುವ ತಾಳಿಯನ್ನೂ ನಿಷೇಧಿಸಿತು. 1744ರಲ್ಲಿ ಪೋಪರೇ ಅದನ್ನು ಬಿಗಿಗೊಳಿಸಿದರು. ಅಂಥ ಆಚಾರಗಳನ್ನು ನಡೆಯಗೊಡುವುದಿಲ್ಲವೆಂದು ಇಲ್ಲಿಗೆ ಬರುವ ಪಾದ್ರಿಗಳು ಆಣೆಯಿಡಬೇಕಾಗಿತ್ತು. ಆ ಆಣೆ ತೊಲಗಿದ್ದು 1940ರಲ್ಲಿ. ಈ ನಡುವೆಯೂ, ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ದುಬುವಾ ದೇಶೀ ಉಡುಪಿನಲ್ಲೇ ಬಾಳಿದ. ಜನ ಅವನನ್ನು ದೊಡ್ಡಸ್ವಾಮಿ ಎಂದರು.

1917ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಉಡುಗೆಯ ಕಟ್ಟಳೆಯೊಂದಿತ್ತು. ಹೆಂಗಸರು ತಲೆ ಮುಚ್ಚಿ ಸಭ್ಯವಾಗಿ ಉಡಬೇಕು, ಗಂಡಸರು ಬರಿದಲೆಯಲ್ಲಿರಬೇಕು. ಇದರ ಮೂಲ ಕೊರಿಂಥದವರಿಗೆ ಸಂತ ಪೌಲ, ಅಂದರೆ ನಮ್ಮ ಚಿನ್ನಪ್ಪನವರು, ಬರೆದ ಓಲೆ. ಹೆಂಗಸರಿಗೆ ಸೆರಗಿದ್ದುದರಿಂದ ತೊಡಕಾಗಲಿಲ್ಲ. ಗಂಡಸರ ವಿಷಯದಲ್ಲಿ ಮಾತ್ರ ಸಂಹಿತೆ ಒಂದು ಕಿಂಡಿ ಬಿಟ್ಟಿತ್ತು: ಆಯಾ ಜನರ ಒಪ್ಪಿತವಾದ ರೂಢಿ ಬೇರೆಯಿದ್ದಲ್ಲಿ ಅದು ನಡೆಯಬಹುದು. ನಮ್ಮ ರುಮಾಲಿಗೆ ಅಷ್ಟು ಕಿಂಡಿ ಸಾಕಾಗಿತ್ತು. 1983ರ ಹೊಸ ಸಂಹಿತೆಯಲ್ಲಿ ಈ ಕಟ್ಟಳೆಯೇ ಇಲ್ಲ. ಆದರೂ ಹಳ್ಳಿಗಳಲ್ಲಿ ಸೆರಗು ಇಳಿಯಲಿಲ್ಲ. ಅದು ಸಂಹಿತೆಗಾಗಿ ಏರಿದ್ದಲ್ಲವಲ್ಲ!

ಕಾಲಿನ ಸರದಿ 1969ರಲ್ಲಿ ಬಂದಿತು. ಭಾರತದ ಬಿಷಪರು ಕೇಳಿದ ಹನ್ನೆರಡು ಮಾರ್ಪಾಡುಗಳನ್ನು ರೋಮ್ ಆ ವರ್ಷದ ಏಪ್ರಿಲಿನಲ್ಲಿ ಒಪ್ಪಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಎಣ್ಣೆಯ ದೀಪ, ಆರತಿ, ಗುರುಗಳಿಗೆ ಅಂಗವಸ್ತ್ರ ಎಲ್ಲವೂ ಅದರಲ್ಲಿವೆ. ಇದು ಹಿಂದೂಗಳ ಅನುಕರಣೆಯೆಂದು ಕಥೋಲಿಕರಲ್ಲೇ ಹಲವರು ಮುನಿದರು. ಹಿಂದೂಗಳಲ್ಲಿಯೂ ಕೆಲವರು ಇದನ್ನು ವೇಷವೆಂದು ಶಂಕಿಸಿದರು. ಚಪ್ಪಲಿ ಬಿಟ್ಟು ಒಳಹೋಗುವ ಹಳ್ಳಿಯವರನ್ನು ಎರಡು ಪಕ್ಷದವರೂ ಕೇಳಿದಂತೆ ತೋರುವುದಿಲ್ಲ.

ಅಂದಹಾಗೆ, ಆ ಪಾಸ್ಕದ ದಿನ ನನ್ನ ತರಗತಿಯ ಇನ್ನೊಬ್ಬ ಹುಡುಗ ಪೂಜೆಗೆ ಬಂದಿರಲಿಲ್ಲ. ಆಮೇಲೆ ವಿಚಾರಿಸಿದರೆ, ಹಬ್ಬಕ್ಕೆ ಹೊಸ ಅಂಗಿ ಹೊಲಿಸಲಾಗಿರಲಿಲ್ಲವೆಂದು ತಿಳಿಯಿತು. ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಆಸನ ಕೊಟ್ಟು ಹರಕು ಬಟ್ಟೆಯವನನ್ನು ಮೂಲೆಗೆ ನಿಲ್ಲಿಸುವವರನ್ನು ಬೈಬಲ್ಲಿನ ಯಾಕೋಬನ ಓಲೆ ಕಟುವಾಗಿಯೇ ಜರೆದಿದೆ. ಆದರೆ ಆ ಹುಡುಗನಿಗೆ ಬರಬೇಡವೆಂದು ಯಾರೂ ಹೇಳಿರಲಿಲ್ಲ. ಮುಂದಿನ ಭಾನುವಾರ ಶಾಲೆಯ ಸಮವಸ್ತ್ರದಲ್ಲೇ ಪೂಜೆಗೆ ಹೋಗಿ ಬಂದೆನೆಂದು ಅವನೇ ಬಂದು ಹೇಳಿದ.