ಸರಪಳಿಗೆ ಬದಲಾಗಿ ಬಂದ ಒಂದು ವಿದ್ಯೆ

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯ ಖಾಸಗಿ ಮನೋರೋಗಿಗಳ ಆಶ್ರಯಧಾಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾಗಲಿಲ್ಲ. 28 ಮಂದಿ ಸತ್ತರು. ಏರ್ವಾಡಿಯ ದರ್ಗಾವನ್ನು ನಂಬಿ ಎಲ್ಲ ಧರ್ಮದವರೂ ತಮ್ಮ ರೋಗಿಗಳನ್ನು ಅಲ್ಲಿಗೆ ಕರೆತರುತ್ತಿದ್ದರು.

ಆ ಸರಪಳಿಗೆ ಬದಲಿ ವ್ಯವಸ್ಥೆ ಅದಕ್ಕೂ ಅರ್ಧ ಶತಮಾನ ಮೊದಲೇ ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ 'ಮಾನಸಿಕ ಆಸ್ಪತ್ರೆ'ಯಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಅದಕ್ಕೆ ಹೊಸ ಕಟ್ಟಡ ದೊರೆಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಎಂ.ವಿ. ಗೋವಿಂದಸ್ವಾಮಿ (ಹೆಸರು ಹೋಲುತ್ತದೆ, ವ್ಯಕ್ತಿ ಬೇರೆ) ಮೊದಲ ನಿರ್ದೇಶಕರಾದರು. ಮರುವರ್ಷವೇ ಮನಶ್ಶಾಸ್ತ್ರ ಪದವೀಧರರಿಗೆ ಡಿಪ್ಲೊಮಾ ತರಗತಿ ತೆರೆಯಿತು. ಅದೇ ಬೆಳೆದು ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಆಯಿತು, ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು.

ಮನೋವೈದ್ಯರು ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಬರೆಯುವುದಿಲ್ಲ. ರೋಗಿಯ ಮಾತು ಕೇಳುತ್ತಾರೆ, ಬುದ್ಧಿಮಟ್ಟ, ನೆನಪು, ಭಯಗಳನ್ನು ಪರೀಕ್ಷಿಸುತ್ತಾರೆ, ವಾರಗಟ್ಟಲೆ ಕುಳಿತು ಮಾತಿನಿಂದಲೇ ಚಿಕಿತ್ಸೆ ಕೊಡುತ್ತಾರೆ. ಬುದ್ಧಿಮಾಂದ್ಯ ಮಗುವಿನ ಅಂಗವಿಕಲ ಪ್ರಮಾಣಪತ್ರಕ್ಕೂ ಅವರ ಪರೀಕ್ಷೆ ಬೇಕು. ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ವಿಶೇಷ ಶಾಲೆಗಳಲ್ಲಿ ಅವರಿಗೆ ಕೆಲಸವಿದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದ ಮೇಲೆ ಜಿಲ್ಲೆಗಳಲ್ಲೂ ಹುದ್ದೆಗಳಾದವು.

934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಗ್ರಂಥ ಬರೆದಿದ್ದರೆಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮನೆಯ ಮಗಳು ಮೌನವಾಗಿ ಮೂಲೆ ಹಿಡಿದರೆ ಮಾತ್ರ ಜಿನ್ನ್ ಹಿಡಿದಿದೆ ಎನ್ನುತ್ತೇವೆ! ಆಕೆಗೆ ಪ್ರಾರ್ಥನೆ ಬೇಡವೆಂದು ಯಾರೂ ಹೇಳಿಲ್ಲ, ಚಿಕಿತ್ಸೆಯೂ ಬೇಕು.

ಓದಬಯಸುವವರು ಒಂದು ಬದಲಾವಣೆ ಗಮನಿಸಬೇಕು. 2020ರ ಶಿಕ್ಷಣ ನೀತಿ ಎಂ.ಫಿಲ್. ಅನ್ನೇ ಕೈಬಿಟ್ಟಿತು, ಈ ವಿಷಯಕ್ಕೆ ಯುಜಿಸಿ 2025-26ರ ತನಕ ವಿನಾಯಿತಿ ನೀಡಿತು. ಕೋರ್ಸಿನ ಹೆಸರು ಏನೇ ಇರಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಯೇ ಶುಲ್ಕ ಕಟ್ಟಬೇಕು.

ಮಾತ್ರೆಗೆ ಭಾಷೆ ಬೇಡ, ಈ ಚಿಕಿತ್ಸೆಗೆ ಭಾಷೆಯೇ ಬೇಕು. ಬ್ಯಾರಿ ಅಥವಾ ದಖನಿ ಮಾತ್ರ ಬಲ್ಲ ಹೆಂಗಸು ಗಂಡನನ್ನೇ ದುಭಾಷಿಯಾಗಿ ಕೂರಿಸಿಕೊಂಡು ಏನನ್ನು ತಾನೇ ಹೇಳಿಕೊಂಡಾಳು?