ಮಗುವಿನ ಬಟ್ಟೆಯ ಹಿಂದು ಮುಂದು

ಮಗುವಿಗೆ ಗಿಡ್ಡವಾದ ಅಂಗಿಯನ್ನು ಏನು ಮಾಡುವುದು ಎಂಬುದು ತುಳುನಾಡಿನ ಪಾಣೆಮಂಗಳೂರಿನಂಥ ಊರಿಗೆ ಹೊಸ ಪ್ರಶ್ನೆ. ಹಿಂದಿನ ಕಾಲದ ಹಸುಗೂಸಿಗೆ ಅಳತೆ ಹಿಡಿದು ಹೊಲಿಸಿದ ಉಡುಪು ಅಪರೂಪ. ಅಜ್ಜಿಯ ಸೀರೆ ಸವೆದರೆ ಕೂಸನ್ನು ಸುತ್ತುವ ಬಟ್ಟೆ, ಅಜ್ಜನ ಪಂಚೆ ಹರಿದರೆ ಲಂಗೋಟಿ. ಇನ್ನೂ ಗಟ್ಟಿಯಿದ್ದ ಸೀರೆ ತೊಲೆಗೆ ಕಟ್ಟಿದ ಜೋಲಿ. ಬಟ್ಟೆ ಹಿರಿಯರಿಂದ ಕೂಸಿಗೆ ಇಳಿಯುತ್ತಿತ್ತು, ಅಲ್ಲಿಂದ ಅಡುಗೆಮನೆಯ ಮಸಿಬಟ್ಟೆಯಾಗಿ, ಕೊನೆಗೆ ನೆಲ ಒರೆಸುವ ಚಿಂದಿಯಾಗಿ ಮುಗಿಯುತ್ತಿತ್ತು. ಹಾಗಾಗಿ ಮರುಬಳಕೆಗೆ ಯಾರೂ ಪ್ರತ್ಯೇಕವಾಗಿ ಯೋಚಿಸಬೇಕಿರಲಿಲ್ಲ. ಮರುಬಳಕೆಯ ಗುಣ ಬಟ್ಟೆಯಲ್ಲೇ ಇತ್ತು ಎಂಬುದು ಇಲ್ಲಿನ ವಾದ.

ಇದಕ್ಕೆ ಮೊದಲ ಕಾರಣ ಬಟ್ಟೆಯ ಬೆಲೆ. ತುಳುನಾಡು ಭತ್ತ, ತೆಂಗು, ಅಡಕೆಯ ಸೀಮೆಯೇ ಹೊರತು ಹತ್ತಿಯ ಸೀಮೆಯಲ್ಲ. ಇಲ್ಲಿನ ನೇಕಾರರ ಮಗ್ಗಕ್ಕೂ ನೂಲು ಘಟ್ಟದ ಮೇಲಿಂದಲೋ ಕಡಲಿನಿಂದಲೋ ಬರಬೇಕಿತ್ತು. ನೇತ್ರಾವತಿಯ ದಂಡೆಯ ಬಂಟ್ವಾಳ, ಪಾಣೆಮಂಗಳೂರುಗಳು ಘಟ್ಟದ ಸರಕು ದೋಣಿ ಏರುವ, ಕಡಲ ಸರಕು ಗಾಡಿ ಏರುವ ಪೇಟೆಗಳಾಗಿ ಬೆಳೆದದ್ದೇ ಇಂಥ ವ್ಯಾಪಾರದಿಂದ. 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ಜೀತದಾಳುಗಳಿಗೆ ಅಕ್ಕಿಯ ಜತೆ ವರ್ಷಕ್ಕೊಮ್ಮೆ ಬಟ್ಟೆಯನ್ನೂ ಕೊಡುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಕೂಲಿಯಾಗಿ ಎಣಿಸುವ ವಸ್ತುವನ್ನು ಯಾರೂ ಎಸೆಯುವುದಿಲ್ಲ. 1851ರಲ್ಲಿ ಬಾಸೆಲ್ ಮಿಷನ್ನಿನ ಹಾಲರ್ ಮಂಗಳೂರಿನ ನೇಯ್ಗೆ ಕಾರ್ಖಾನೆಯನ್ನು ಹೊಸ ಮಗ್ಗಗಳೊಂದಿಗೆ ನಡೆಸತೊಡಗಿದ ಮೇಲೂ, ಗಿರಣಿ ಬಟ್ಟೆ ಪೇಟೆ ತುಂಬಿದ ಮೇಲೂ ಈ ಜಾಗ್ರತೆ ಪೂರ್ತಿ ಹೋಗಲಿಲ್ಲ. 1943ರ ಹತ್ತಿ ಬಟ್ಟೆ ಮತ್ತು ನೂಲು ನಿಯಂತ್ರಣ ಆದೇಶದ ಯುದ್ಧಕಾಲ ಅದನ್ನು ಮತ್ತೆ ಬಿಗಿಮಾಡಿತು. ಎರಡನೆಯ ಕಾರಣ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಊರಿನಲ್ಲಿ, ಮಳೆ ಬಿಡದ ಆಟಿ ತಿಂಗಳಲ್ಲಿ ಕೂಸಿಗೆ ದಿನಕ್ಕೆ ಹತ್ತಾರು ಲಂಗೋಟಿ ಬೇಕು. ಹೊಸ ದಪ್ಪ ಬಟ್ಟೆ ಒಣಗದು. ನೂರು ಸಲ ಒಗೆದು ತೆಳುವಾದ ಹತ್ತಿಯೋ, ಒಲೆಯ ಮೇಲಿನ ಹಗ್ಗದಲ್ಲಿ ಬೇಗ ಒಣಗುತ್ತದೆ, ಮೈಗೂ ಒರಟಲ್ಲ.

ಇದೆಲ್ಲ ಬಡತನದ ಕತೆ, ಅದಕ್ಕೆ ಸಂಸ್ಕೃತಿಯ ಹೆಸರೇಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ನಿಜವಿದೆ: ಒಡೆಯರ ಮನೆಯ ಹಳೆ ಬಟ್ಟೆ ಆಳಿನ ಮನೆಗೆ ಹೋದಾಗ ಅದರೊಂದಿಗೆ ಕೀಳರಿಮೆಯೂ ಹೋಗುತ್ತಿತ್ತು, ಅದನ್ನು ಹೊಗಳಬೇಕಿಲ್ಲ. ಆದರೆ ಹಸುಗೂಸನ್ನು ಮೊದಲ ದಿನಗಳಲ್ಲಿ ಹಳೆಯ ಮೆತ್ತನೆ ಬಟ್ಟೆಯಲ್ಲೇ ಸುತ್ತುವ ವಾಡಿಕೆ ಉಳ್ಳವರಲ್ಲೂ ಇತ್ತು. ಅಕ್ಕನ ಮಗುವಿನ ಅಂಗಿ ತಂಗಿಯ ಮಗುವಿಗೆ ಹೋಗುವುದರಲ್ಲಿ ದಾನದ ಮಾತೇ ಇರಲಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಯಲ್ಲಿ ಕೊರತೆಯಷ್ಟೇ ಅಲ್ಲ, ಬಣ್ಣದ ಆಯ್ಕೆಯೂ ಕಾಣುತ್ತದೆ. ಕೊರತೆ ಹುಟ್ಟಿಸಿದ ಕೆಲಸ ಕೊರತೆ ತೀರಿದ ಮೇಲೂ ಉಳಿದಿದ್ದರೆ, ಅದಕ್ಕೆ ಬೇರೆ ಬೆಲೆಯೂ ಇದೆಯೆಂದೇ ಅರ್ಥ.

ಹಳೆ ಬಟ್ಟೆ ಶುಚಿಯೇ ಎಂಬುದು ಇನ್ನೊಂದು ಪ್ರಶ್ನೆ. ಕುದಿವ ನೀರಿನಲ್ಲಿ ಅದ್ದಿ, ಬಿಸಿಲಿಗೋ ಬೆಂಕಿಯ ಕಾವಿಗೋ ಚೆನ್ನಾಗಿ ಒಣಗಿಸಿದ ಹತ್ತಿಗೆ ಹಳೆಯದೆಂಬುದೇ ದೋಷವಲ್ಲ. ಅರೆ ಒಣಗಿದ ಬಟ್ಟೆ ಹೊಸದಾದರೂ ಕೆಟ್ಟದ್ದೇ. ನಿಜವಾದ ತೊಡಕು ಬಂದದ್ದು ಪಾಲಿಯೆಸ್ಟರ್ ಮತ್ತು ಸಿದ್ಧ ಉಡುಪಿನೊಂದಿಗೆ. ಜರತಾರಿ ಅಂಚಿನ, ಮಿಣುಕು ಮಣಿಯ ಫ್ರಾಕು ಒಂದೆರಡು ಸಮಾರಂಭ ಕಂಡು ಗಿಡ್ಡವಾಗುತ್ತದೆ. ಅದು ನೀರು ಹೀರದು, ಬಿಸಿ ಪಾತ್ರೆ ಹಿಡಿದರೆ ಕರಗುತ್ತದೆ, ಕೌದಿಯ ಒಳಪದರಕ್ಕೂ ಒಗ್ಗದು. ಹತ್ತಿಯ ಅಂಗಿಯಾದರೆ ಇಂದಿಗೂ ಮುಂದಿನ ಮಗುವಿಗೆ, ಆಮೇಲೆ ಕೌದಿಗೆ, ಕೊನೆಗೆ ಮಸಿಬಟ್ಟೆಗೆ ಬರುತ್ತದೆ. ಆದ್ದರಿಂದ ಗಿಡ್ಡವಾದ ಅಂಗಿಗೆ ಉಪಾಯ ಹುಡುಕುವ ಹೊತ್ತು ಅದು ಗಿಡ್ಡವಾದ ಮೇಲಿನದಲ್ಲ, ಅಂಗಡಿಯಲ್ಲಿ ಅದನ್ನು ಕೊಳ್ಳುವಾಗಿನದು. ಕೂಸಿಗೆ ಬಟ್ಟೆ ಆರಿಸುವವರು ಚೀಟಿಯ ಮೇಲಿನ ದರದ ಜತೆ ನೂಲಿನ ಜಾತಿಯನ್ನೂ ಒಮ್ಮೆ ಓದಿಕೊಳ್ಳಲಿ.